ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು ಬೇಕಾದವರಿಗೆ
ಮದುವೆ ನೋಂದಣಿಯಾದದ್ದು ಉಪನೋಂದಣಾಧಿಕಾರಿ ಕಚೇರಿಯಲ್ಲೇ ಆಗಿದ್ದರೂ, ವಿಚ್ಛೇದನದ ಡಿಕ್ರಿ (ಮದುವೆ ಮುರಿಯಿತೆಂದು ನ್ಯಾಯಾಲಯ ಹೊರಡಿಸುವ ವಿಧಿವತ್ತಾದ ಆದೇಶ) ಇರುವುದು ಅದನ್ನು ನೀಡಿದ ನ್ಯಾಯಾಲಯದಲ್ಲಿ ಎಂಬುದನ್ನು ಅರಿಯದೆ ಅನೇಕ ಹೆಣ್ಣುಮಕ್ಕಳು ವೃಥಾ ಅಲೆಯುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಕರಣದ ಸಂಖ್ಯೆಯನ್ನು ಹುಡುಕಿಕೊಳ್ಳಿ. ಹಳೆಯ ನೋಟಿಸಿನಲ್ಲಿ ಅದು ‘ಎಂ.ಸಿ.’ (ಮ್ಯಾಟ್ರಿಮೋನಿಯಲ್ ಕೇಸ್, ಅಂದರೆ ವೈವಾಹಿಕ ಪ್ರಕರಣ) ಎಂಬ ಅಕ್ಷರಗಳೊಂದಿಗೆ, ವರ್ಷದ ಸಮೇತ ಇರುತ್ತದೆ. ನೋಟಿಸು ಕಳೆದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ಪಕ್ಷಕಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು; ಆದರೆ ಮನೆಯಲ್ಲಿ ಈರಮ್ಮ ಎನ್ನಿಸಿಕೊಂಡವರು ದಾಖಲೆಯಲ್ಲಿ ವೀರಮ್ಮ ಆಗಿರಬಹುದಾದ್ದರಿಂದ ಎರಡೂ ರೀತಿಯಲ್ಲಿ ಪ್ರಯತ್ನಿಸಿ. ನಿಮ್ಮದು ಕೊಪ್ಪಳದ ಪ್ರಕರಣವಾದರೆ, ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ ಎಂಬುದು ನೆನಪಿರಲಿ. ಅದಕ್ಕಿಂತ ಹಿಂದಿನ ಪ್ರಕರಣವಾದರೆ ರಾಯಚೂರಿನಲ್ಲಿಯೂ ವಿಚಾರಿಸುವುದು ಒಳ್ಳೆಯದು.

ಬಳಿಕ ಅದೇ ನ್ಯಾಯಾಲಯದ ನಕಲು ವಿಭಾಗದಲ್ಲಿ, ಗುರುತಿನ ಚೀಟಿಯೊಂದಿಗೆ, ದೃಢೀಕೃತ ಪ್ರತಿಗೆ ಅರ್ಜಿ ಸಲ್ಲಿಸಿ, ತೀರ್ಪು ಮತ್ತು ಡಿಕ್ರಿ ಎರಡನ್ನೂ ಕೇಳಿ. 1955ರ ಹಿಂದೂ ವಿವಾಹ ಕಾಯ್ದೆಯ 23(4)ನೇ ಕಲಮಿನಂತೆ ಉಭಯ ಪಕ್ಷಕಾರರಿಗೂ ಡಿಕ್ರಿಯ ಒಂದು ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು. ಇದು ನಿಮ್ಮ ಹಕ್ಕು, ಸಂಕೋಚಪಡಬೇಡಿ. ವಕೀಲರ ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇದ್ದರೂ, ಉಚಿತವಾಗಿ ಒದಗಿಸುತ್ತದೆ. ಪ್ರತಿ ಕೈಸೇರಿದಾಗ ಮೊಹರು, ಸಹಿ ಮತ್ತು ಹೆಸರಿನ ಕಾಗುಣಿತವನ್ನು ಅಲ್ಲಿಯೇ ನಿಂತು ಪರಿಶೀಲಿಸಿ.