ಕಾಯಿಲೆಯವರ ಕೋಣೆಯ ಗಾಳಿ ಎತ್ತ ಹೋಗಬೇಕು

ಮನೆಯಲ್ಲಿ ಒಬ್ಬರಿಗೆ ಸೋಂಕು ತಗುಲಿತೆಂದು ತಿಳಿದೊಡನೆ ಈಗಿನ ಮಕ್ಕಳು ಮೊದಲು ಮಾಡುವ ಕೆಲಸ ಕಿಟಕಿ ಮುಚ್ಚುವುದು. ರೋಗಿಯನ್ನು ಒಳಗೆ ಸೇರಿಸಿ, ಬಾಗಿಲಿನ ಸಂದಿಗೆ ಟವೆಲ್ ತುರುಕಿ, ಹಜಾರದಲ್ಲಿ ಕರ್ಪೂರ, ಸಾಂಬ್ರಾಣಿಯ ಹೊಗೆಯೆಬ್ಬಿಸಿ, ತರಕಾರಿಯನ್ನೆಲ್ಲ ಸೋಪಿನ ನೀರಿಗೆ ಅದ್ದಿ, ಮಾಡಬೇಕಾದದ್ದನ್ನೆಲ್ಲ ಮಾಡಿದೆವೆಂದು ಕೂರುತ್ತಾರೆ. ಇದನ್ನು ಕೊರೊನಾ ಬಂದ 2020ರಲ್ಲಿಯೂ ಕಂಡೆ, ಹಾಸಿಗೆ ಸಿಗದೆ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ 2021ರ ಎರಡನೆಯ ಅಲೆಯಲ್ಲಿಯೂ ಕಂಡೆ. ಹೊಗೆಗೆ ವೈರಸ್ ಸಾಯುವುದಿಲ್ಲ, ಕೆಮ್ಮುವವರ ಎದೆ ಇನ್ನಷ್ಟು ಕೆಡುತ್ತದೆ, ಅಷ್ಟೆ. ತರಕಾರಿಗೆ ನಲ್ಲಿಯ ನೀರು ಸಾಕು. ಸೋಪು ಇರುವುದು ನಿಮ್ಮ ಕೈಗೆ.

ಕೆಮ್ಮಿದಾಗ ಮಾತ್ರವಲ್ಲ, ಮಾತನಾಡಿದಾಗಲೂ ಹೊರಬೀಳುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಆದುದರಿಂದ ರೋಗಿಯ ಕೋಣೆಯ ಗಾಳಿ ಮನೆಯೊಳಕ್ಕೆ ತಿರುಗದೆ ನೇರವಾಗಿ ಬಯಲಿಗೆ ಹೋಗಬೇಕು. ಪಕ್ಕದ ಮನೆಯವರ ಕಿಟಕಿಗೆ ಎದುರಾಗದಂತಹ, ಬಯಲಿಗೆ ತೆರೆದುಕೊಳ್ಳುವ ಕಿಟಕಿಯೊಂದನ್ನು ಆರಿಸಿಕೊಂಡು, ಅದರಿಂದ ಒಂದು ಮೊಳದಷ್ಟು ಒಳಗೆ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ. ರೋಗಿಗೆ ಸೆಕೆಯಾಗುತ್ತದೆಂದು ಅದನ್ನು ಮಂಚದ ಕಡೆಗೆ ತಿರುಗಿಸುವ ಜಾಣರಿದ್ದಾರೆ. ಹಾಗೆ ಮಾಡಿದರೆ ಕೋಣೆಯ ಗಾಳಿಯನ್ನೆಲ್ಲ ನೀವೇ ಬಾಗಿಲಿನ ಸಂದಿಯಿಂದ ಹಜಾರಕ್ಕೆ ತಳ್ಳಿದಂತಾಯಿತು. ಆ ಕೋಣೆಯ ಉಳಿದ ಕಿಟಕಿಗಳನ್ನು ಮುಚ್ಚಿ, ಸೀಲಿಂಗ್ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಅದರ ಕೆಳಗಿನ ಸಂದಿಯನ್ನು ಮಾತ್ರ ಹಾಗೆಯೇ ಬಿಡಿ. ಮನೆಯ ಇನ್ನೊಂದು ಬದಿಯ ಕಿಟಕಿಗಳೆಲ್ಲ ತೆರೆದಿರಲಿ.

ಇಷ್ಟು ಮಾಡಿ ಸುಮ್ಮನಾಗಬಾರದು, ಪರೀಕ್ಷಿಸಬೇಕು. ಮೈಸೂರಿನಲ್ಲಿ ಊದುಬತ್ತಿಯಿಲ್ಲದ ಮನೆಯುಂಟೆ? ಒಂದನ್ನು ಹಚ್ಚಿ, ಉರಿ ಆರಿಸಿ, ಕೆಂಡ ನಿಂತ ಮೇಲೆ ಕೋಣೆಯ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತು ಬಾಗಿಲಿನ ಸಂದಿಯ ಬಳಿ ಹಿಡಿಯಿರಿ. ಹೊಗೆಯ ಎಳೆ ಬಾಗಿ ಸಂದಿಯೊಳಕ್ಕೆ ನುಸುಳಿದರೆ ಗಾಳಿ ಸರಿಯಾಗಿ ಹರಿಯುತ್ತಿದೆ. ನೆಟ್ಟಗೆ ಮೇಲೇರಿದರೆ ಫ್ಯಾನಿನ ಸೆಳೆತ ಸಾಲದು. ನಿಮ್ಮ ಮುಖಕ್ಕೇ ಬಂದರೆ ಆಷಾಢದ ಗಾಳಿ ಆ ಕಿಟಕಿಯಿಂದ ಒಳನುಗ್ಗುತ್ತಿದೆ, ಇಲ್ಲವೇ ಅಡುಗೆಮನೆಯಲ್ಲಿ ಯಾರೋ ಎಕ್ಸಾಸ್ಟ್ ಫ್ಯಾನ್ ಹಾಕಿಟ್ಟಿದ್ದಾರೆ. ಒಗ್ಗರಣೆಯ ಘಾಟು ಹೋಗಲೆಂದು ಹಾಕುವ ಆ ಫ್ಯಾನು ರೋಗಿಯ ಕೋಣೆಯ ಗಾಳಿಯನ್ನೂ ಒಲೆಯ ಬಳಿಗೆ ಎಳೆದು ತರುತ್ತದೆಂಬುದು ಯಾರಿಗೂ ಹೊಳೆಯುವುದಿಲ್ಲ. ಅದನ್ನು ಆರಿಸಿ, ಟೇಬಲ್ ಫ್ಯಾನಿಗೆ ಬೇರೆ ಕಿಟಕಿ ನೋಡಿ, ಮತ್ತೆ ಬತ್ತಿ ಹಿಡಿಯಿರಿ. ಗಾಳಿಯ ದಿಕ್ಕು ಹೊತ್ತಿಗೊಂದು ರೀತಿ ಇರುವುದರಿಂದ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡಬೇಕು. ನೋಡಿದ ಕೂಡಲೇ ಬತ್ತಿಯನ್ನು ನೀರಿಗೆ ಅದ್ದಿ.

ಕಿಟಕಿಯ ಸೊಳ್ಳೆಪರದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹಬ್ಬಕ್ಕೆಂದು ಗಾಜನ್ನು ಹೊಳೆಯುವಂತೆ ಒರೆಸುವವರು ಪರದೆಯ ಧೂಳನ್ನು ಮುಟ್ಟುವುದೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರು ಹಾಕಿ ಉಜ್ಜದಿದ್ದರೆ ಯಾವ ಫ್ಯಾನೂ ಅದರಾಚೆಗೆ ಗಾಳಿ ದಾಟಿಸಲಾರದು.

ನಮ್ಮ ಅಜ್ಜಿ ಪ್ಲೇಗಿನ ಮಾತು ಬಂದಾಗಲೆಲ್ಲ, ಇಲಿ ಸತ್ತು ಬಿದ್ದರೆ ಮನೆಗೆ ಬೀಗ ಹಾಕಿ ಊರಾಚೆಯ ಜೋಪಡಿಗೆ ಹೋಗುತ್ತಿದ್ದುದನ್ನು ಹೇಳುತ್ತಿದ್ದರು. ಆ ಪ್ಲೇಗಿನ ಪೆಟ್ಟು ತಿಂದ ಮೇಲೆಯೇ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿ, ಇಕ್ಕಟ್ಟಿನ ಕೇರಿಗಳ ಬದಲಿಗೆ ಅಗಲವಾದ ರಸ್ತೆಗಳ ಬಡಾವಣೆಗಳು ಬಂದವು. ಕೆ.ಆರ್.ಎಸ್. ರಸ್ತೆಯ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯನ್ನು ಊರ ಗದ್ದಲದಿಂದ ದೂರ ಕಟ್ಟಿದ ಕಾಲದಲ್ಲಿ ಕ್ಷಯಕ್ಕೆ ಗುಣಪಡಿಸುವ ಮಾತ್ರೆಯೇ ಇರಲಿಲ್ಲ. ಶುದ್ಧ ಗಾಳಿ, ಬಿಸಿಲು, ಒಳ್ಳೆಯ ಊಟವೇ ಚಿಕಿತ್ಸೆಯಾಗಿತ್ತು. ಅಂತಹ ಊರಿನ ಮಕ್ಕಳು ಕಿಟಕಿಗೆ ಚಿಲಕ ಹಾಕಿ ಏಸಿ ಹಚ್ಚುವುದನ್ನು ಕಂಡರೆ ನನಗೆ ರೇಗುತ್ತದೆ.

ಊಟ ಕೊಡಲು ಹೋಗುವವರೂ, ಒಳಗಿರುವವರೂ ಮಾಸ್ಕನ್ನು ಮೂಗಿನ ಮೇಲೆಯೇ ಹಾಕಬೇಕು, ಗಲ್ಲಕ್ಕಲ್ಲ. ಮೆಣಸಿನ ಕಷಾಯ ಗಂಟಲಿಗೆ ಹಿತ, ಆದರೆ ಅದು ರೋಗಕ್ಕೆ ಮದ್ದಲ್ಲ. ದಿನವಿಡೀ ಕುಡಿಸಿದರೆ ಹೊಟ್ಟೆಯುರಿ ಖಂಡಿತ. ರಕ್ತದಲ್ಲಿನ ಆಮ್ಲಜನಕದ ಮಟ್ಟ ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಹಾಕುವ ಮುನ್ನ ಉಗುರಿನ ಬಣ್ಣ ತೆಗೆದು, ತಣ್ಣಗಿರುವ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಓಡಾಡುವುದು ನಿಂತ ಮೇಲೆ ಓದಿ. ಅದು 94ಕ್ಕಿಂತ ಕೆಳಗೇ ಉಳಿದರೆ, ಅಥವಾ ಅಂಕಿ ಸರಿಯಿದ್ದೂ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ, ಬೆಳಗಾಗಲೆಂದು ಕಾಯದೆ ವೈದ್ಯರಿಗೆ ತಿಳಿಸಿ.