ಡೈನಮೋ ಕಿತ್ತು ಗುಜರಿ ಆಲ್ಟರ್ನೇಟರ್ ಕೂರಿಸಿದ್ದು

ಹಳೆ ಗಾಡಿಯ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಲು ಆಗಲ್ಲ ಅಂದವರಿಗೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಎರಡೂ ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವಂಥವೇ, ಡೈನಮೋ ಹಳೆ ಕಾಲದ್ದು ಅಷ್ಟೆ. ನನ್ನ ಅಂಬಾಸಿಡರ್ ಮಾರ್ಕ್ 2ರಲ್ಲಿ ಈಗ ಮಾರುತಿ 800ರ ಆಲ್ಟರ್ನೇಟರ್ ಕೂತಿದೆ. ಶಿರಾಡಿ ಘಾಟಿಯ ಜಡಿಮಳೆಯಲ್ಲಿ ರಾತ್ರಿ ಹೊತ್ತು ಹೆಡ್‌ಲೈಟು, ವೈಪರು ಎರಡೂ ಹಾಕಿಕೊಂಡು ಲಾರಿ ಸಾಲಿನ ಹಿಂದೆ ತೆವಳಿದರೂ ಮೀಟರು 14 ವೋಲ್ಟ್ ಬಿಟ್ಟು ಕದಲುವುದಿಲ್ಲ. ಮಳೆಗಾಲಗಳನ್ನೇ ದಾಟಿ ಬಂದ ಮೇಲೆ ಬರೆಯುತ್ತಿದ್ದೇನೆ, ನಿನ್ನೆ ಹಾಕಿ ಇವತ್ತು ಹೇಳುತ್ತಿರುವುದಲ್ಲ.

ಡೈನಮೋ ಕಾಲದ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಗೋಳು ಗೊತ್ತು. ಹೊಸದಿದ್ದಾಗಲೇ ಡೈನಮೋ ಕೊಡುತ್ತಿದ್ದದ್ದು 22 ಆಂಪ್. ಎರಡು ಹ್ಯಾಲೊಜನ್ ಬಲ್ಬಿಗೇ 9-10 ಹೋಗುತ್ತದೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ಗೆ 3-4, ವೈಪರಿಗೆ ಅಷ್ಟೇ. ಲೆಕ್ಕಕ್ಕೆ ಸಾಕಾಗುತ್ತದೆ, ಅಲ್ವಾ? ಆದರೆ ಆ 22 ಸಿಗುವುದು ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ, ಸ್ಲೋನಲ್ಲಿ ನಿಂತರೆ ಏನೂ ಇಲ್ಲ, ಎಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ನಾನು ಎರಡು ಸಲ ಡೈನಮೋದ ಆರ್ಮೇಚರ್ (ಒಳಗೆ ತಿರುಗುವ ತಾಮ್ರದ ಸುರುಳಿ) ರೀವೈಂಡ್ ಮಾಡಿಸಿದೆ, ಪ್ರತಿ ಸಲ 1500ರ ಮೇಲೆ. ಡೈನಮೋದಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಟೌಟ್ ಡಬ್ಬಿ ಬದಲಾಯಿಸಿದೆ. ಅರ್ಧ ಚಾರ್ಜಿನಲ್ಲೇ ಬದುಕಿ ಬ್ಯಾಟರಿಗಳು ಬೇಗ ಬೇಗ ಸತ್ತವು. ಎಲ್ಲ ಸೇರಿ ಹತ್ತು ಸಾವಿರ ದಾಟಿತ್ತು ಅಂತ ನೆನಪು.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಪ್ಪಲೇ ಇಲ್ಲ. 'ಹಳೆ ವೈರಿಂಗ್ ಸಾರ್, ಹೊಗೆ ಬರತ್ತೆ' ಎಂದರು. ಮೆಕ್ಯಾನಿಕ್ ಮೈಲೇಜ್ ಬೀಳುತ್ತದೆ ಎಂದರು. ವೈರಿಂಗ್ ಮಾತು ನಿಜ, ಅದಕ್ಕೆ ಮುಂದೆ ಬರುತ್ತೇನೆ. ಮೈಲೇಜ್ ಮಾತ್ರ ಒಂದು ಚೂರೂ ಬಿದ್ದಿಲ್ಲ.

ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ಡೀಸೆಲ್ ಜೀಪಿನ ದೊಡ್ಡ ಆಲ್ಟರ್ನೇಟರ್, ಅಗ್ಗಕ್ಕೆ ಕೊಡುತ್ತಿದ್ದರು. ಆದರೆ ಅದರ ಬೆನ್ನಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುತ್ತದೆ, ಅದಕ್ಕೆ ಆಯಿಲ್ ಲೈನ್ ಬೇಕು. ನಮ್ಮ ಪೆಟ್ರೋಲ್ ಎಂಜಿನ್ನಿಗೆ ಅದು ಬೇಡದ ತಲೆನೋವು. ಮಾರುತಿ 800ರದ್ದು ಚಿಕ್ಕದು, ಹಗುರ, ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇದೆ. 1800 ಹೇಳಿದರು, 900ಕ್ಕೆ ಮುಗಿಯಿತು. ಕೊಳ್ಳುವಾಗ ಮೂಸಿ ನೋಡಿ. ವಾರ್ನಿಷ್ ಸುಟ್ಟ ವಾಸನೆ ಬಂದರೆ ಅಲ್ಲೇ ಇಟ್ಟು ಬನ್ನಿ. ಮಲ್ಟಿಮೀಟರ್ ಒಯ್ಯಿರಿ. ಸ್ಲಿಪ್ ರಿಂಗ್‌ಗಳ (ಬ್ರಷ್ಷು ಉಜ್ಜುವ ಎರಡು ಉಂಗುರ) ನಡುವೆ 3-4 ಓಮ್ ತೋರಿಸಬೇಕು, ರಿಂಗಿನಿಂದ ಆಲ್ಟರ್ನೇಟರಿನ ಹೊರಮೈಗೆ ಸಂಪರ್ಕವೇ ತೋರಿಸಬಾರದು. ಬೇರಿಂಗು, ಬ್ರಷ್ಷು ಹೇಗಿದ್ದರೂ ಬದಲಾಯಿಸಿ, ನನಗೆ 400-500 ಆಯಿತು.

ಮೊದಲ ಬ್ರಾಕೆಟ್ ಒಡೆಯಿತು. ಡೈನಮೋ ಉದ್ದ, ಎರಡು ತುದಿಯಲ್ಲೂ ಕಾಲು. ಆಲ್ಟರ್ನೇಟರ್ ಗಿಡ್ಡ, ಎಲ್ಲ ಭಾರ ಒಂದೇ ಕಡೆ. ವೆಲ್ಡಿಂಗ್ ಅಂಗಡಿಯಲ್ಲಿ 5 ಎಂಎಂ ಪಟ್ಟಿ ಹಾಕಿಕೊಟ್ಟಿದ್ದರು, ಎಂಜಿನ್ ನಡುಕಕ್ಕೆ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಬಿಟ್ಟು, ಸಕಲೇಶಪುರ ತಲುಪುವಷ್ಟರಲ್ಲಿ ಬೆಲ್ಟು ಕಿರುಚಲು ಶುರುವಾಯಿತು. ಎರಡನೆಯದು 10 ಎಂಎಂ ಪ್ಲೇಟು, ಮೂಲೆಗೆ ತ್ರಿಕೋನದ ಆಸರೆ ತುಂಡು, ಉಳಿದ ಜಾಗಕ್ಕೆ ಪೈಪಿನ ಬುಷ್. ಅದು ಇವತ್ತಿಗೂ ಅಲುಗಾಡಿಲ್ಲ. ಪುಲ್ಲಿಗಳ ಮುಖಕ್ಕೆ ನೇರವಾದ ಸ್ಟೀಲ್ ಪಟ್ಟಿ ಹಿಡಿದು ನೋಡಿ. ಎರಡು ಎಂಎಂ ಆಚೀಚೆ ಆದರೂ ಬೆಲ್ಟು ಒಂದೇ ಅಂಚಿನಲ್ಲಿ ಸವೆಯುತ್ತದೆ, ಎಂಜಿನ್ನಿನ ಮುಂದೆಲ್ಲ ಕಪ್ಪು ಪುಡಿ ಬೀಳುತ್ತದೆ.

ಪುಲ್ಲಿಯದ್ದು ಇನ್ನೊಂದು ಕಥೆ. ಮಾರುತಿಯದಕ್ಕೆ ನಮ್ಮ ಅಗಲದ ಬೆಲ್ಟು ಕೂರುವುದಿಲ್ಲ. ಡೈನಮೋ ಪುಲ್ಲಿಗೇ ಲೇತಿನಲ್ಲಿ ಬುಷ್ ಹಾಕಿಸಿ ನೋಡಿದೆ, 350 ದಂಡ. ಅದು ದೊಡ್ಡದು, ಸ್ಲೋನಲ್ಲಿ ಆಲ್ಟರ್ನೇಟರ್ ಸಾಕಷ್ಟು ತಿರುಗುವುದೇ ಇಲ್ಲ, ಚಾರ್ಜ್ ಆಗುತ್ತಿಲ್ಲ ಎಂದು ತೋರಿಸುವ ಡ್ಯಾಶಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಕೊನೆಗೆ ಬೇರೊಂದು ಗಾಡಿಯ ಪುಲ್ಲಿ ಸಿಕ್ಕಿತು, ಚೂರು ಕೆಲಸ ಮಾಡಿದರೆ ಸರಿಯಾಗಿ ಕೂರುತ್ತದೆ. ಯಾವ ಗಾಡಿಯದ್ದು ಎಂದು ಇಲ್ಲಿ ಬರೆಯುವುದಿಲ್ಲ, ಅದನ್ನು ಹುಡುಕಲು ನಾನು ಪಟ್ಟ ಪಾಡು ನನಗೇ ಗೊತ್ತು. ಗುಜರಿಯಲ್ಲಿ ಪುಲ್ಲಿ ರಾಶಿಯ ಮುಂದೆ ಕ್ಯಾಲಿಪರ್ ಹಿಡಿದು ಕೂತರೆ ನಿಮಗೂ ಸಿಗುತ್ತದೆ.

ಈಗ ವೈರಿಂಗ್. ಪಾಸಿಟಿವ್ ಅರ್ಥ್ ಗಾಡಿಯಾದರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ ಜೋಡಿಸಿದ್ದರೆ, ಮೊದಲು ನೆಗೆಟಿವ್ ಅರ್ಥ್‌ಗೆ ತಿರುಗಿಸಿ, ಇಲ್ಲದಿದ್ದರೆ ಬ್ಯಾಟರಿ ಜೋಡಿಸಿದ ತಕ್ಷಣ ಆಲ್ಟರ್ನೇಟರ್ ಒಳಗಿನ ಡಯೋಡ್ ಸುಟ್ಟು ಹೋಗುತ್ತವೆ. ನನ್ನ ಗಾಡಿಯ ಹಳೆಯ ಮಾಲೀಕರೇ ತಿರುಗಿಸಿಟ್ಟಿದ್ದರು. ಹೊರಗಿನ ಕಟೌಟ್ ಕೆಲಸ ಮುಗಿಯಿತು. ನಾನು ಡಬ್ಬಿಯನ್ನು ಅಲ್ಲೇ ಬಿಟ್ಟು, ಒಳಗಿನದನ್ನು ತೆಗೆದು ಜಂಕ್ಷನ್ ಮಾಡಿಕೊಂಡೆ, ಬಾನೆಟ್ ಎತ್ತಿದರೆ ಹಳೆಯ ಚಂದ ಹಾಗೇ ಇರಬೇಕು. ಆಲ್ಟರ್ನೇಟರಿನಿಂದ ಕರೆಂಟು ಹೊರಬರುವ ಬಿ ಟರ್ಮಿನಲ್‌ನಿಂದ ಬ್ಯಾಟರಿಗೆ 6 ಸ್ಕ್ವೇರ್ ಎಂಎಂ ಹೊಸ ವೈರು, ನಡುವೆ ಫ್ಯೂಸು. ಹಳೆಯ ಸಣ್ಣ ವೈರನ್ನೇ ನಂಬಿದರೆ ಎಲೆಕ್ಟ್ರಿಷಿಯನ್ ಹೇಳಿದ ಹೊಗೆ ಖಂಡಿತ ಬರುತ್ತದೆ. ಡ್ಯಾಶಿನಲ್ಲಿ ಆಮೀಟರ್ ಇದ್ದರೆ ಅದನ್ನೂ ಬೈಪಾಸ್ ಮಾಡಿ ವೋಲ್ಟ್ ಮೀಟರ್ ಹಾಕಿ, ಅಷ್ಟೂ ಕರೆಂಟು ಅದರೊಳಗೆ ಹಾಯಬಾರದು.

ಎಲ್ ಟರ್ಮಿನಲ್‌ಗೆ ಚಾರ್ಜ್ ದೀಪದ ವೈರು. ಅಲ್ಲಿ ತಂತಿ ಬಲ್ಬೇ ಇರಲಿ. ಚೆಂದಕ್ಕೆ ಎಲ್‌ಇಡಿ ಹಾಕಿ ನೋಡಿದೆ, ಎಂಜಿನ್ ರೇಸ್ ಮಾಡುವ ತನಕ ಚಾರ್ಜೇ ಶುರುವಾಗಲಿಲ್ಲ. ಆ ಬಲ್ಬಿನ ಮೂಲಕ ಹೋಗುವ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಬಲ್ಬು ಮತ್ತೆ ಹಾಕಿದೆ, ಸರಿಹೋಯಿತು.

ಒಡೆದ ಬ್ರಾಕೆಟ್ಟೂ ಸೇರಿ ಒಟ್ಟು ಖರ್ಚು 3000 ಆಸುಪಾಸು. ಆ ಎಲೆಕ್ಟ್ರಿಷಿಯನ್ ಈಚೆಗೆ ಬಂದು ಬಾನೆಟ್ ತೆಗೆಸಿ, ಮೀಟರ್ ಇಟ್ಟು ನೋಡಿ, ಬ್ರಾಕೆಟ್ ಅಳತೆ ಬರೆದುಕೊಂಡು ಹೋದರು.

ಕರೆಂಟು ಮಿಗುತ್ತಿದೆ ಎಂದು 800ರದ್ದೇ ರೇಡಿಯೇಟರ್ ಫ್ಯಾನ್ ಕೂಡ ಕೂರಿಸಿದ್ದೇನೆ. ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿ ತೋರಿಸುವ ಸೂಜಿ ಮೊದಲಿನಂತೆ ಏರುವುದಿಲ್ಲ. ಆದರೆ ಎಂಜಿನ್ನಿನ ಸ್ವಂತ ಫ್ಯಾನನ್ನು ಇನ್ನೂ ತೆಗೆದಿಲ್ಲ, ಒಂದು ಬೇಸಿಗೆ ಎರಡನ್ನೂ ಓಡಿಸಿ ನೋಡಿ ಆಮೇಲೆ ತೀರ್ಮಾನ. ನೀವು ಹಾಕುವುದಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕಿ ತೆಗೆಯುವ ಸ್ವಿಚ್) ಇಲ್ಲದೆ ಹಾಕಬೇಡಿ. ಫ್ಯಾನ್ ಎದ್ದೇಳುವಾಗ ಎಳೆಯುವ ಕರೆಂಟಿಗೆ ಡ್ಯಾಶಿನ ಸ್ವಿಚ್ ತಡೆಯುವುದಿಲ್ಲ.