ಚಪ್ಪಲಿಗೆ ಒಗ್ಗುವ ಕಾಲುಚೀಲ: ಹೆಬ್ಬೆರಳು ಮೊದಲು, ಹಿಮ್ಮಡಿ ಕೊನೆಗೆ

ಸಾದಾ ಸಾಕ್ಸ್ ಹಾಕಿಕೊಂಡು ಹವಾಯಿ ಚಪ್ಪಲಿ ಮೆಟ್ಟಲು ಆಗುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್-ಜನವರಿಯ ಬೆಳಗ್ಗೆ ಹಾಲು ತರಲು ಹೊರಡುವವರಿಗೆ ಬೇಕಾದದ್ದು ಹೆಬ್ಬೆರಳು ಬೇರೆ ಇರುವ ಕಾಲುಚೀಲ. ಅಂಗಡಿಯಲ್ಲಿ ತೆಳು ನೈಲಾನಿನದು ಸಿಗುತ್ತದೆ, ಆದರೆ ಬೆಚ್ಚಗಿರುವುದಿಲ್ಲ. ಉಲ್ಲನ್ನಿನಲ್ಲಿ ನಾನು ಹೆಣೆದದ್ದು ಬೆರಳ ತುದಿಯಿಂದ ಶುರುವಾಗಿ, ಪಾದವೂ ಕಾಲೂ ಒಂದೇ ಕೊಳವೆಯಾಗಿ ಮೇಲೇರಿ, ಹಿಮ್ಮಡಿ ಎಲ್ಲಕ್ಕಿಂತ ಕೊನೆಗೆ ಕೂರುವ ಮಾದರಿ. ಹಿಮ್ಮಡಿಯನ್ನು ಕೊನೆಗೆ ಇಟ್ಟುಕೊಂಡರೆ ಅಳತೆಯ ತಪ್ಪನ್ನು ಅಲ್ಲೇ ತಿದ್ದಬಹುದು, ಇಡೀ ಚೀಲ ಬಿಚ್ಚಬೇಕಾಗಿಲ್ಲ.

ನೂಲು: ಉಣ್ಣೆ 75, ನೈಲಾನ್ 25 ಪಾಲಿನ ನಾಲ್ಕೆಳೆ ಉಲ್ಲನ್. ಜೋಡಿಗೆ 65 ಗ್ರಾಂ ಆಸುಪಾಸು ಹಿಡಿಯುತ್ತದೆ, ಆದ್ದರಿಂದ 50 ಗ್ರಾಮಿನ ಉಂಡೆ ಎರಡು ಬೇಕು. ಶುದ್ಧ ಹತ್ತಿ ನೂಲು ಒಮ್ಮೆ ಹಿಗ್ಗಿದರೆ ಹಿಂದಕ್ಕೆ ಬಾರದು, ಮಧ್ಯಾಹ್ನದೊಳಗೆ ಚೀಲ ಜೋಲುತ್ತದೆ. ಶಿಡ್ಲಘಟ್ಟ ಪಕ್ಕದಲ್ಲೇ ಇದೆ, ರೇಷ್ಮೆ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ರೇಷ್ಮೆ ಗಟ್ಟಿ, ಆದರೆ ಅದಕ್ಕೆ ಪುಟಿಯುವ ಗುಣವಿಲ್ಲ. ಶಿರಾ, ಪಾವಗಡ ಕಡೆಯ ಕುರಿ ಉಣ್ಣೆ ಕಂಬಳಿಗೇ ಸರಿ, ಬರಿಗಾಲಿಗೆ ಚುಚ್ಚುತ್ತದೆ.

ಕಡ್ಡಿ 12ನೇ ನಂಬರು, ಅಂದರೆ 2.75 ಮಿ.ಮೀ., ಎರಡೂ ತುದಿ ಚೂಪಾದದ್ದು ಐದು. ಜೊತೆಗೆ ಹಳೆ ಸೈಕಲ್ಲಿನ 2 ಮಿ.ಮೀ. ಸ್ಪೋಕ್ ಎರಡನ್ನು ಒಂದೊಂದು ಗೇಣು ಕತ್ತರಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ಇಟ್ಟುಕೊಂಡಿದ್ದೇನೆ. ಇದು ಹೆಣೆಯಲು ಅಲ್ಲ, ಕೊನೆಗೆ ಹಿಮ್ಮಡಿಯ ಕುಣಿಕೆ ಎತ್ತಲು.

ಅಳತೆ ತುಂಡನ್ನು ಹೆಣೆದು, ಒಗೆದು, ಒಣಗಿಸಿ ಎಣಿಸಿದಾಗ 10 ಸೆಂ.ಮೀ.ಗೆ 28 ಕುಣಿಕೆ, 38 ಸುತ್ತು ಬಂತು. ಪಾದದ ಅಗಲ ಭಾಗದ ಸುತ್ತಳತೆ 22 ಸೆಂ.ಮೀ. ಕಾಲುಚೀಲ ಕಾಲಿಗಿಂತ ನೂರಕ್ಕೆ ಹತ್ತರಷ್ಟು ಚಿಕ್ಕದಿರಬೇಕು, ಇಲ್ಲವಾದರೆ ಸುಕ್ಕುಗಟ್ಟಿ ಗುಳ್ಳೆ ಏಳಿಸುತ್ತದೆ. ಹಾಗಾಗಿ 20 ಸೆಂ.ಮೀ., ಅಂದರೆ 56 ಕುಣಿಕೆ. ಪಾದದ ಉದ್ದ 24, ಚೀಲದ ಉದ್ದ 23. ಕಾಲುಂಗುರ ಹಾಕುವವರು ಅದನ್ನು ತೆಗೆಯದೆ ಅಳೆಯಬೇಕು. ಹೂವಿನ ಚಿತ್ತಾರ ಎದ್ದು ನಿಂತ ಉಂಗುರವಾದರೆ ಎಳೆ ಸಿಕ್ಕಿಕೊಳ್ಳುವುದು ಗ್ಯಾರಂಟಿ.

ಮೊದಲು ಹೆಬ್ಬೆರಳ ಗೂಡು. ಎರಡು ಕಡ್ಡಿ ಜೋಡಿಸಿ ಹಿಡಿದು, ನೂಲನ್ನು ಎಂಟರ ಅಂಕಿಯ ಹಾಗೆ ಸುತ್ತಿ ಒಂದೊಂದರಲ್ಲೂ 4 ಕುಣಿಕೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ನಾಲ್ಕು ಮೂಲೆಯಲ್ಲೂ ಒಂದೊಂದು ಹೆಚ್ಚಿಸುತ್ತಾ 8, 12, 16, 20. ಆಮೇಲೆ ಸೀದಾ ಸುತ್ತು, ಒಟ್ಟು 17 ಸುತ್ತು ಆಗುವವರೆಗೆ (4.5 ಸೆಂ.ಮೀ.). ಇದನ್ನು ದಾರಕ್ಕೆ ಪೋಣಿಸಿ ಪಕ್ಕಕ್ಕಿಡಿ.

ನಾಲ್ಕು ಬೆರಳಿನ ಗೂಡಿಗೆ 8+8 ಕುಣಿಕೆಯಿಂದ ಶುರು. ಬೆರಳುಗಳು ಓರೆಯಾಗಿ ಇಳಿಯುತ್ತವೆ, ಆದ್ದರಿಂದ ಹೆಚ್ಚಿಸುವುದು ಎರಡು ಬದಿಗೂ ಒಂದೇ ಸಮ ಆಗಕೂಡದು. ಹೆಬ್ಬೆರಳ ಬದಿಯಲ್ಲಿ ಮೊದಲ 4 ಸುತ್ತಿಗೆ ಪ್ರತಿ ಸಲ ಮೇಲೊಂದು ಕೆಳಗೊಂದು ಹೆಚ್ಚಿಸಿ ನಿಲ್ಲಿಸಿ. ಕಿರುಬೆರಳ ಬದಿಯಲ್ಲಿ ಮೊದಲ 3 ಸುತ್ತು ಬಿಡದೆ, ಆಮೇಲೆ ಸುತ್ತು ಬಿಟ್ಟು ಸುತ್ತು 7 ಸಲ. 17ನೇ ಸುತ್ತಿಗೆ 44 ಕುಣಿಕೆ ಇರಬೇಕು. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದವಿದ್ದರೆ ಈ ಗೂಡಿಗೆ ಮಾತ್ರ ಇನ್ನೆರಡು ಸುತ್ತು ಸೇರಿಸಬಹುದು. ಗೂಡುಗಳು ಬೇರೆ ಬೇರೆ ಇರುವುದರ ಅನುಕೂಲ ಇದು.

ಜೋಡಣೆಯೇ ಕಷ್ಟದ ಜಾಗ. ಎರಡು ಗೂಡು ಮುಖಾಮುಖಿ ಆಗುವಲ್ಲಿ ಇದರ 4 ಕುಣಿಕೆ, ಅದರ 4 ಕುಣಿಕೆ ತೆಗೆದುಕೊಂಡು ದಬ್ಬಣದಿಂದ ಕುಣಿಕೆಗೆ ಕುಣಿಕೆ ಸೇರಿಸಿ. ಮೂರನೇ ಕಡ್ಡಿ ಬಳಸಿ ಒಟ್ಟಿಗೆ ಮುಗಿಸುವುದು ಸುಲಭವೇ, ಆದರೆ ಒಳಗೆ ದಿಂಡು ಏಳುತ್ತದೆ, ಚಪ್ಪಲಿಯ ಗೂಟ ಸರಿಯಾಗಿ ಅದರ ಮೇಲೇ ಒತ್ತುತ್ತದೆ. ನಾಲ್ಕಕ್ಕಿಂತ ಕಡಿಮೆ ಕುಣಿಕೆ ಸೇರಿಸಿದರೆ ಬೆರಳ ಸಂದು ಕೊಯ್ಯುತ್ತದೆ, ಆರಾದರೆ ಅಲ್ಲೇ ಮಡಿಕೆ ಬೀಳುತ್ತದೆ. ಉಳಿದದ್ದು 16+40, ಲೆಕ್ಕಕ್ಕೆ ಸರಿಯಾಗಿ 56. ಸಂದಿನ ಎರಡು ಕೊನೆಯಲ್ಲೂ ತೂತು ಕಾಣಿಸುತ್ತದೆ. ಅಲ್ಲಿನ ಅಡ್ಡ ಎಳೆಯನ್ನು ತಿರುಚಿ ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯ ಜೊತೆ ಹೆಣೆದರೆ ಮುಚ್ಚಿಹೋಗುತ್ತದೆ. ಚಪ್ಪಲಿ ಹೆಚ್ಚು ಸವೆಸುವುದೂ ಇಲ್ಲೇ, ಆದ್ದರಿಂದ ಜೋಡಣೆಯ ಮೊದಲ 6 ಸುತ್ತಿಗೆ ಹೊಲಿಗೆಯ ನೈಲಾನ್ ದಾರವನ್ನೂ ನೂಲಿನ ಜೊತೆ ಸೇರಿಸಿ ಹೆಣೆಯುತ್ತೇನೆ.

ಎಡ-ಬಲದ ಗೊಂದಲ ಬೇಡ. ಇಲ್ಲಿಯವರೆಗೆ ಮೇಲ್ಭಾಗಕ್ಕೂ ಅಂಗಾಲಿಗೂ ವ್ಯತ್ಯಾಸವಿಲ್ಲ, ಎರಡೂ ಚೀಲ ಒಂದೇ ಥರ. ಯಾವ ಮುಖದಲ್ಲಿ ಹಿಮ್ಮಡಿಯ ಗೆರೆ (ಆಮೇಲೆ ಎಳೆದು ತೆಗೆದು ಹಿಮ್ಮಡಿ ಕೂರಿಸಲೆಂದು ಬೇರೆ ಬಣ್ಣದ ದಾರದಲ್ಲಿ ಹೆಣೆಯುವ ಸಾಲು) ಬೀಳುತ್ತದೋ ಅದು ಅಂಗಾಲು. ಒಂದರಲ್ಲಿ ಸುತ್ತಿನ ಮೊದಲರ್ಧಕ್ಕೆ ಹಾಕಿದರೆ, ಇನ್ನೊಂದರಲ್ಲಿ ಎರಡನೇ ಅರ್ಧಕ್ಕೆ. ಮರೆತರೆ ಎರಡೂ ಎಡಗಾಲಿನವೇ ಆಗುತ್ತವೆ.

ಗೆರೆ ಎಲ್ಲಿ ಬೀಳಬೇಕು? ಚೀಲದ ಉದ್ದದಿಂದ ಹಿಮ್ಮಡಿಯ ಆಳವನ್ನು ಕಳೆಯಿರಿ. ಮೊದಲ ಜೋಡಿಗೆ ನಾನು ರೂಢಿಯ ಲೆಕ್ಕದಂತೆ ಅರ್ಧ ಕುಣಿಕೆ, ಅಂದರೆ 28ರ ಮೇಲೆ ಗೆರೆ ಹಾಕಿದೆ. ಹಿಮ್ಮಡಿಯ ಆಳ 20 ಸುತ್ತು. ನಿಂತಾಗ ಸರಿಯೆನಿಸಿತು, ನಾಲ್ಕು ಹೆಜ್ಜೆಗೆ ಹಿಮ್ಮಡಿ ಅಂಗಾಲಿನ ಕೆಳಗೆ ಜಾರಿತು, ಹರಡಿನ ಮುಂಭಾಗ ಬಿಗಿದು ಕೆಂಪು ಗೆರೆ ಬಿತ್ತು. ಹಿಮ್ಮಡಿ ತುದಿಯಿಂದ ಪಾದದ ಉಬ್ಬಿನ ಮೇಲೆ ಟೇಪು ಸುತ್ತಿದರೆ ನನಗೆ 31 ಸೆಂ.ಮೀ. ಬರುತ್ತದೆ. ಕೊಳವೆ ಇರುವುದು 20. ಬಾಕಿಯನ್ನು ಹಿಮ್ಮಡಿಯ ಬುಟ್ಟಿಯೇ ಕೊಡಬೇಕು, ಬುಟ್ಟಿ ಆಳವಿಲ್ಲದಿದ್ದರೆ ಕಾಲಿನ ಬಟ್ಟೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಉದ್ದ ಸಾಲದೆಂದು ಪಾದಕ್ಕೆ ಸುತ್ತು ಸೇರಿಸುವುದು ಎಲ್ಲರೂ ಮಾಡುವ ತಪ್ಪು, ಅದರಿಂದ ಬೆರಳ ತುದಿಯಲ್ಲಿ ಚೀಲ ಜೋಲುತ್ತದೆ ಅಷ್ಟೆ.

ತಿದ್ದಿದ್ದು ಹೀಗೆ. ಗೆರೆಯನ್ನು 32 ಕುಣಿಕೆಗೆ ಹಿಗ್ಗಿಸಿ, ಮೇಲ್ಭಾಗದಿಂದ ಎರಡೂ ಬದಿಗೆ ಎರಡೆರಡು ತೆಗೆದುಕೊಂಡೆ. ಆಳವನ್ನು 23 ಸುತ್ತಿಗೆ (6 ಸೆಂ.ಮೀ.) ಏರಿಸಿದೆ. ಆಗ ಗೆರೆ ಬೆರಳ ತುದಿಯಿಂದ 17 ಸೆಂ.ಮೀ.ಗೆ, ಜೋಡಣೆಯಾದ ಮೇಲೆ 48ನೇ ಸುತ್ತಿಗೆ ಬರುತ್ತದೆ. ಆ 32 ಕುಣಿಕೆಯನ್ನು ಬೇರೆ ಬಣ್ಣದ ನುಣುಪು ಹತ್ತಿ ದಾರದಲ್ಲಿ ಹೆಣೆದು, ಮತ್ತೆ ಎಡಗಡ್ಡಿಗೆ ಸರಿಸಿ, ಅದರ ಮೇಲೆಯೇ ಉಲ್ಲನ್ನಿನಲ್ಲಿ ಹೆಣೆಯಿರಿ. ಜುಂಜು ಜುಂಜಾದ ದಾರವಾದರೆ ಎಳೆಯುವಾಗ ನಾರು ಒಳಗೇ ಉಳಿಯುತ್ತದೆ. ಮುಂದೆ 6 ಸೆಂ.ಮೀ. ಸೀದಾ ಕೊಳವೆ, 5 ಸೆಂ.ಮೀ. ಎರಡು ಸೀದಾ ಎರಡು ಉಲ್ಟಾ ರಿಬ್. ಬಾಯಿಯನ್ನು 10ನೇ ನಂಬರಿನ ಕಡ್ಡಿಯಲ್ಲಿ ಸಡಿಲವಾಗಿ ಮುಗಿಸಿ, ಅದು 31 ಸೆಂ.ಮೀ.ಗೆ ಹಿಗ್ಗದಿದ್ದರೆ ಹಿಮ್ಮಡಿ ದಾಟುವುದಿಲ್ಲ.

ಹಿಮ್ಮಡಿಗೆ ಹಗಲು ಬೆಳಕಲ್ಲೇ ಕೂರಿ. ಹತ್ತಿ ದಾರದ ಕೆಳಗಿನ ಸಾಲಿನಲ್ಲಿ ಪ್ರತಿ ಕುಣಿಕೆಯ ಬಲಬದಿಯ ಎಳೆಗೆ ಒಂದು ಸ್ಪೋಕ್ ತೂರಿಸಿ, ಮೇಲಿನ ಸಾಲಿಗೆ ಇನ್ನೊಂದು. ಎರಡೂ ಕಡೆ 32 ಎಣಿಸಿ ಆದ ಮೇಲೆ ಮಾತ್ರ ದಾರ ಎಳೆಯಿರಿ. ಎರಡು ಮೂಲೆಯಲ್ಲೂ ಎರಡೆರಡು ಹೆಚ್ಚುವರಿ ಎತ್ತಿ, ಮುಂದಿನ ಸುತ್ತಿನಲ್ಲಿ ಪಕ್ಕದ್ದರ ಜೊತೆ ಸೇರಿಸಿ 64ಕ್ಕೆ ಇಳಿಸಿ, ಇಲ್ಲವಾದರೆ ಹರಡಿನ ಪಕ್ಕ ಕಿಂಡಿ ಬೀಳುತ್ತದೆ. ಮೂರು ಸೀದಾ ಸುತ್ತು. ಆಮೇಲೆ ಎರಡು ಬದಿಯ ಎರಡೆರಡು ಕಡೆ ಎರಡನ್ನು ಒಂದು ಮಾಡುತ್ತಾ, ಸುತ್ತು ಬಿಟ್ಟು ಸುತ್ತು 8 ಸಲ, ಕೊನೆಗೆ ಬಿಡದೆ 4 ಸಲ. ಉಳಿದ 16ನ್ನು ಎಂಟೆಂಟಾಗಿ ದಬ್ಬಣದಿಂದ ಸೇರಿಸಿ. ಕೊನೆಯ ನಾಲ್ಕನ್ನೂ ಸುತ್ತು ಬಿಟ್ಟು ಮಾಡಿದರೆ ಹಿಮ್ಮಡಿ ಕೋನ್ ಐಸ್‌ಕ್ರೀಮಿನ ಹಾಗೆ ಮೊನಚಾಗುತ್ತದೆ. ಸೇರಿಸುವ ಮುನ್ನ ಕುಣಿಕೆಗಳನ್ನು ದಾರಕ್ಕೆ ಪೋಣಿಸಿ ಹಾಕಿಕೊಂಡು ನಡೆದು ನೋಡಿ. ಬಿಗಿ ಅನಿಸಿದರೆ ಮೂರು ಸೀದಾ ಸುತ್ತನ್ನು ಐದು ಮಾಡಿ, ಸಡಿಲವಾದರೆ ಒಂದು ಮಾಡಿ. ಬಿಚ್ಚಬೇಕಾದ್ದು ಈ 23 ಸುತ್ತು ಮಾತ್ರ.

ಹಿಮ್ಮಡಿ ಸವೆದಾಗಲೂ ಇದೇ ದಾರಿ. ಹಿಮ್ಮಡಿ ಶುರುವಾಗುವ ಸುತ್ತಿನ ಒಂದು ಸುತ್ತು ಹೊರಗೆ 32+32 ಕುಣಿಕೆಯನ್ನು ಸ್ಪೋಕಿಗೆ ಎತ್ತಿಟ್ಟುಕೊಂಡು, ಆಮೇಲೆ ಹಿಮ್ಮಡಿಯ ಮೊದಲ ಸುತ್ತಿನ ಒಂದು ಎಳೆ ಕತ್ತರಿಸಿ ಬಿಚ್ಚಿ. ಹೊಸ ಹಿಮ್ಮಡಿಗೆ 10 ಗ್ರಾಂ ಉಳಿಕೆ ಉಲ್ಲನ್ ಸಾಕು, ಬಣ್ಣ ಯಾವುದಾದರೂ ನಡೆದೀತು.